ಹೊಸ ವರ್ಷದ ಮೊದಲ ಸಾಲು

ಹೊಸ ವರ್ಷ ಯಾವತ್ತಿನಿಂದ ಎಂದು ಮಡಿಕೇರಿಯಲ್ಲಿ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಸಿಗುವುದುಂಟು. ಶಾಲೆಯ ಹುಡುಗ ಜನವರಿ ಒಂದು ಎನ್ನುತ್ತಾನೆ. ಖಜಾನೆಯ ಗುಮಾಸ್ತರು ಏಪ್ರಿಲ್ ಒಂದು ಎನ್ನುತ್ತಾರೆ. ನಮ್ಮ ಸರಕಾರದ ಲೆಕ್ಕದ ವರ್ಷ ಆ ದಿನದಿಂದ ಮೊದಲಾಗುವ ಪದ್ಧತಿ ಬಂದದ್ದು 1867ರಲ್ಲಿ. ಪೇಟೆಯ ಅಂಗಡಿಯವರು ಯುಗಾದಿಯನ್ನು ನೆನೆಯುತ್ತಾರೆ. ಗದ್ದೆಯುಳ್ಳ ಮನೆಯ ಹಿರಿಯರಾದರೋ ‘ಎಡಮ್ಯಾರ್ ಒಂದು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಸೂರ್ಯನು ಮೇಷರಾಶಿಯನ್ನು ಸೇರುವ ಆ ದಿನ ಏಪ್ರಿಲ್ ತಿಂಗಳ ನಡುವೆ, ಸಾಮಾನ್ಯವಾಗಿ 14ರಂದು ಬರುತ್ತದೆ. ಮೊದಲಿನ ಮೂರು ಉತ್ತರಗಳು ಪಂಚಾಂಗಕ್ಕೋ ಲೆಕ್ಕಕ್ಕೋ ಸಂಬಂಧಿಸಿದವು. ಕೊನೆಯದು ಮಾತ್ರ ಕೆಲಸಕ್ಕೆ ಸಂಬಂಧಿಸಿದ್ದು. ಏಕೆಂದರೆ ಎಡಮ್ಯಾರ್ ಒಂದೆಂದರೆ ನೇಗಿಲು ಗದ್ದೆಗಿಳಿಯುವ ದಿನ.

ಈಚಿನ ವರ್ಷಗಳಲ್ಲಿ ಹೊಸ ವರ್ಷವೆಂದರೆ ಪ್ರತಿಜ್ಞೆಗಳ ಸುಗ್ಗಿಯಾಗಿದೆ. ನಾಳೆಯಿಂದ ಬೆಳಗ್ಗೆ ನಡೆಯುತ್ತೇನೆ, ಊಟದ ಹೊತ್ತಿಗೆ ಊಟ ಮಾಡುತ್ತೇನೆ, ಕಚೇರಿಯ ಕಡತವನ್ನು ಮನೆಗೆ ತರುವುದಿಲ್ಲ, ಕುರ್ಚಿಯಿಂದ ಗಂಟೆಗೊಮ್ಮೆ ಏಳುತ್ತೇನೆ ಎಂದು ಉದ್ಯೋಗಸ್ಥರು ತಮಗೆ ತಾವೇ ಮಾತು ಕೊಟ್ಟುಕೊಳ್ಳುತ್ತಾರೆ. ಆ ಮಾತು ಎಷ್ಟು ದಿನ ನಿಲ್ಲುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಜನವರಿ ಮುಗಿಯುವಷ್ಟರಲ್ಲಿ ನಡಿಗೆಯ ಜೋಡು ಮೂಲೆ ಸೇರಿರುತ್ತದೆ, ಕಡತ ಮತ್ತೆ ಮನೆಗೆ ಬಂದಿರುತ್ತದೆ. ಇದನ್ನು ಮನೋದಾರ್ಢ್ಯದ ಕೊರತೆಯೆಂದು ಹೇಳುವುದು ವಾಡಿಕೆ. ನನಗೆ ಹಾಗೆನ್ನಿಸುವುದಿಲ್ಲ. ದುಡಿಮೆಯಲ್ಲಿ ಆರೋಗ್ಯವನ್ನು ಕಾಪಾಡಿಕೊಳ್ಳುವ ಅಭ್ಯಾಸ ಒಬ್ಬನ ಮನಸ್ಸಿನಲ್ಲಿ ಮಾತ್ರ ಹುಟ್ಟಿ ಬೆಳೆಯುವ ವಸ್ತುವೇ? ಇಲ್ಲ, ಅದಕ್ಕೆ ಕಾಲ, ಜೊತೆ, ಉಪಕರಣ, ಕಟ್ಟಳೆ ಎಂಬ ಆಧಾರಗಳು ಬೇಕೇ? ಈ ಪ್ರಶ್ನೆಗೆ ಕೊಡಗಿನ ದುಡಿಮೆಯ ಚರಿತ್ರೆಯಲ್ಲಿ ಉತ್ತರವಿದೆ. ಅದರ ಕೆಲವು ಪುಟಗಳನ್ನು ನಿಮ್ಮೊಡನೆ ತಿರುವಿ ನೋಡಬೇಕೆಂಬುದು ಇಂದಿನ ನನ್ನ ಉದ್ದೇಶ.

ಎಡಮ್ಯಾರ್ ಒಂದರ ಆಚರಣೆಯಿಂದಲೇ ತೊಡಗೋಣ. ಬೆಳಗಿನ ಜಾವ ಮನೆಯ ದೀಪ ಹೊತ್ತಿಸಿ, ಎತ್ತುಗಳನ್ನು ಸಿಂಗರಿಸಿ, ನೊಗ ನೇಗಿಲುಗಳೊಡನೆ ಮನೆಮಂದಿ ಗದ್ದೆಗೆ ಹೋಗುತ್ತಾರೆ. ಭೂಮಿಗೂ ಸೂರ್ಯನಿಗೂ ಕೈಮುಗಿದು ಹಣ್ಣುಕಾಯಿ ಒಪ್ಪಿಸಿ ಕೆಲವೇ ಸಾಲು ಉಳುತ್ತಾರೆ. ಅಷ್ಟಕ್ಕೆ ಆ ದಿನದ ಉಳುಮೆ ಮುಗಿಯಿತು. ಎತ್ತಿಗೂ ಆಳಿಗೂ ದಣಿವಾಗುವ ಮಾತೇ ಇಲ್ಲ. ಗದ್ದೆಯೆಲ್ಲ ಒಂದೇ ದಿನದಲ್ಲಿ ಉತ್ತು ಮುಗಿಸುವೆನೆಂದು ಯಾರೂ ಅಂದು ಹೊರಡುವುದಿಲ್ಲ. ನಾಲ್ಕಾರು ತಿಂಗಳು ಕೊಟ್ಟಿಗೆಯಲ್ಲಿ ನಿಂತು ಮೈಗೆ ಜಡ್ಡು ಹಿಡಿದ ಎತ್ತಿನ ಹೆಗಲು ನೊಗಕ್ಕೆ ಮತ್ತೆ ಒಗ್ಗಬೇಕು. ರೈತನ ಸೊಂಟಕ್ಕೂ ಅದೇ ನ್ಯಾಯ. ಕ್ರಿಯೆ ಚಿಕ್ಕದು, ದಿನ ಮಾತ್ರ ನಿಶ್ಚಿತ, ಮನೆಯವರೆಲ್ಲ ಸಾಕ್ಷಿ. ಇಂದಿನ ನಮ್ಮ ಪ್ರತಿಜ್ಞೆ ಇದಕ್ಕೆ ಎಷ್ಟು ವಿರುದ್ಧವಾದದ್ದೆಂಬುದನ್ನು ಗಮನಿಸಿ. ನಾವು ಮೊದಲ ದಿನವೇ ಐದು ಮೈಲಿ ನಡೆಯುತ್ತೇವೆ. ಹದಿನೈದನೆಯ ದಿನ ನಮಗೆ ಕಾಲುನೋವು.

ಎಡಮ್ಯಾರಿನಲ್ಲಿ ಮೊದಲಾದ ಕೆಲಸ ಕಕ್ಕಡ ಮಾಸದಲ್ಲಿ ಶಿಖರಕ್ಕೇರುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕಾಲ ಅದು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆಂದರೆ ಅದರ ದೊಡ್ಡ ಪಾಲು ಜೂನ್, ಜುಲೈ, ಆಗಸ್ಟ್ ಈ ಮೂರು ತಿಂಗಳದು. ಮೊಣಕಾಲು ತನಕ ಕೆಸರು, ತಲೆಯ ಮೇಲೆ ನಿಲ್ಲದ ಮಳೆ, ಕಾಲಿಗೆ ಜಿಗಣೆ, ದಿನವಿಡೀ ಬಗ್ಗಿದ ಬೆನ್ನು. ಶರೀರಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ವರ್ಷದಲ್ಲಿ ಮತ್ತೊಂದಿಲ್ಲ. ಆದುದರಿಂದಲೇ ಶರೀರರಕ್ಷಣೆಯ ಏರ್ಪಾಡುಗಳೂ ಇದೇ ತಿಂಗಳಲ್ಲಿ ಒಟ್ಟುಗೂಡಿವೆ. ಬೆನ್ನ ಮೇಲೆ ಗೊರಬೆ. ಎರಡು ಕೈಗಳನ್ನೂ ಕೆಲಸಕ್ಕೆ ಬಿಟ್ಟುಕೊಟ್ಟು ತಲೆಯನ್ನೂ ಬೆನ್ನನ್ನೂ ಮಳೆಯಿಂದ ಮುಚ್ಚುವ ಆ ಉಪಕರಣ ಬಗ್ಗಿ ದುಡಿಯುವವನನ್ನು ನೋಡಿಯೇ ರೂಪುಗೊಂಡದ್ದು. ಮನೆಯಲ್ಲಿ ಆರದ ಒಲೆ. ಊಟಕ್ಕೆ ಕಣಿಲೆ, ಅಣಬೆ, ಏಡಿ, ಕೋಳಿ ಮುಂತಾಗಿ ಮೈ ಬೆಚ್ಚಗಿಡುವುವೆಂದು ಹಿರಿಯರು ನಂಬಿದ ಪದಾರ್ಥಗಳು.

ಕಕ್ಕಡ ಹದಿನೆಂಟರಂದು, ಎಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ. ಕಾಡಂಚಿನಲ್ಲಿ ಬೆಳೆಯುವ ಆ ಗಿಡವನ್ನು ಸಸ್ಯಶಾಸ್ತ್ರಜ್ಞರು ಜಸ್ಟೀಸಿಯಾ ವೈನಾಡೆನ್ಸಿಸ್ ಎನ್ನುತ್ತಾರೆ. ಅದನ್ನು ಬೇಯಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ. ಆ ರಸದಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಕಾಯಿ ಸೇರಿಸುತ್ತಾರೆ. ಆ ಒಂದು ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗಳು ಕೂಡಿರುತ್ತವೆಂಬುದು ನಂಬಿಕೆ. ಆ ನಂಬಿಕೆಯ ಲೆಕ್ಕವನ್ನು ಪರೀಕ್ಷಿಸುವುದು ನನ್ನ ಕೆಲಸವಲ್ಲ. ನಾನು ಗಮನಿಸುವುದು ಬೇರೊಂದನ್ನು: ನಾಟಿಯ ದಣಿವು ಮೈಯಲ್ಲಿ ಕೂಡಿಬಂದಿರುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಕುಳಿತು ತಮ್ಮ ತಮ್ಮ ಶರೀರವನ್ನು ಕುರಿತು ಯೋಚಿಸುವ ಒಂದು ದಿನವನ್ನು ಪಂಚಾಂಗದಲ್ಲಿಯೇ ಗುರುತು ಹಾಕಿ ಇಟ್ಟಿದ್ದಾರೆ. ಅದು ಯಾರ ನೆನಪಿಗೂ ಉತ್ಸಾಹಕ್ಕೂ ಕಾಯುವುದಿಲ್ಲ. ಪಾಡ್ಯ ಬಿದಿಗೆಗಳಂತೆ ತಾನಾಗಿ ಬರುತ್ತದೆ.

ಇನ್ನೊಂದು ಸಂಗತಿ. ನಾಟಿಯ ಕಾಲದಲ್ಲಿ ದೊಡ್ಡ ಗದ್ದೆಯ ನಡುವೆ ಉದ್ದಕ್ಕೂ ಒಂದು ಓಣಿಯಷ್ಟು ಜಾಗವನ್ನು ನೆಡದೆ ಬಿಡುವ ಪದ್ಧತಿಯಿತ್ತು. ಕೆಲಸ ಮುಗಿಯುವ ಹೊತ್ತಿಗೆ ಆ ಕೆಸರಿನಲ್ಲಿ ಗಂಡಾಳುಗಳ ಓಟದ ಪಂದ್ಯ. ಗೆದ್ದವರಿಗೆ ಬಾಳೆಗೊನೆ, ತೆಂಗಿನಕಾಯಿ, ಬಟ್ಟೆ. ಆಮೇಲೆ ಆ ಜಾಗವೂ ನಾಟಿಯಾಗುತ್ತಿತ್ತು. ಮಂಗಳೂರ ಸಮಾಚಾರವನ್ನು 1843ರಲ್ಲಿ ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಕೊಡಗಿನಲ್ಲಿದ್ದು 1855ರಲ್ಲಿ ಈ ನಾಡಿನ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದ. ಮಡಿಕೇರಿಯಲ್ಲಿ ಉಪಾಧ್ಯಾಯನಾಗಿದ್ದ ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಹೊರತಂದ. ಈ ನಾಡಿನ ಬೇಸಾಯವನ್ನೂ ಹಬ್ಬಗಳನ್ನೂ ಇಂಥ ಹೊರಗಿನವರು ಬೆರಗಿನಿಂದ ನೋಡಿ ಬರೆದಿಟ್ಟಿದ್ದಾರೆ. ಒಳಗಿನವರಾಗಿ ಹಾಡುಗಳನ್ನೂ ಕಟ್ಟಳೆಗಳನ್ನೂ ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಬಂದದ್ದು 1924ರಲ್ಲಿ. ದಿನವಿಡೀ ಬಗ್ಗಿದ ಬೆನ್ನು ಒಮ್ಮೆ ನೆಟ್ಟಗಾಗಿ ಓಡಬೇಕು. ಆ ಓಟ ಶಿಕ್ಷೆಯಾಗಿರದೆ ನಗುವಾಗಿರಬೇಕು. ವ್ಯಾಯಾಮವೆಂಬ ಹೆಸರಿಲ್ಲದ ವ್ಯಾಯಾಮ ಇದು.

ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೈಲ್‌ಪೊಳ್ದ್ ಅಥವಾ ಕೈಲ್ ಮುಹೂರ್ತ. ಬೇಸಾಯದ ತಿಂಗಳುಗಳಲ್ಲಿ ಕೋವಿ, ಒಡಿಕತ್ತಿಗಳನ್ನು ಕನ್ನಿಕೊಂಬರೆಯಲ್ಲಿ ಇಟ್ಟುಬಿಟ್ಟಿರುತ್ತಾರೆ. ಹಬ್ಬದ ದಿನ ಅವನ್ನು ತೆಗೆದು, ತೊಳೆದು, ಹೂವಿಟ್ಟು ಪೂಜಿಸುತ್ತಾರೆ. ಗದ್ದೆಯ ಕೆಲಸ ಇಲ್ಲಿಗೆ ನಿಂತಿತು, ಇನ್ನು ಬೇಟೆ, ಆಟ, ಕಾಯಿಗೆ ಗುಂಡು ಹೊಡೆಯುವ ಪಂದ್ಯ ಎಂಬ ಸಾರ್ವಜನಿಕ ಘೋಷಣೆ ಅದು. ದುಡಿಮೆಗೆ ಆರಂಭವಿದ್ದಂತೆ ಒಂದು ಮುಕ್ತಾಯವೂ ಇರಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಹಬ್ಬ ಅಪರೂಪ. ನಮ್ಮ ನೆರೆಯ ತುಳುನಾಡಿನಲ್ಲಿ ಕೆಡ್ಡಸವೆಂಬ ಮೂರು ದಿನ ಭೂಮಿಯನ್ನು ಅಗೆಯುವಂತಿಲ್ಲ. ಕೊಡಗಿನ ಊರುಗಳಲ್ಲಿಯೂ ದೇವರ ಹಬ್ಬಕ್ಕೆ ಮುಂಚೆ ಕಟ್ಟು ಬಿದ್ದರೆ ಮರ ಕಡಿಯುವಂಥ ಕೆಲಸಗಳು ನಿಲ್ಲುತ್ತವೆ. ಭೂಮಿಗೆ ವಿಶ್ರಾಂತಿ ಎಂಬ ಹೆಸರಿನಲ್ಲಿ ಅಗೆಯುವವನಿಗೆ ವಿಶ್ರಾಂತಿ ಸಿಕ್ಕಿತು.

ಆದರೆ ಇಲ್ಲಿಗೇ ನಿಲ್ಲಿಸಿ, ಹಿಂದಿನ ಕಾಲವೆಲ್ಲ ಹಿತವಾಗಿತ್ತೆಂದು ನಿಟ್ಟುಸಿರು ಬಿಟ್ಟರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಈ ಕ್ರಮ ಯಾರದು, ಈ ಬಿಡುವು ಯಾರ ಪಾಲಿನದು ಎಂದು ಕೇಳಬೇಕು. ಹಾಲೇರಿ ಅರಸರ ಕಾಲದಲ್ಲಿ ಕೊಡಗಿನ ಗದ್ದೆಗಳಲ್ಲಿ ದುಡಿದವರಲ್ಲಿ ಹುಟ್ಟಿನಿಂದಲೇ ಮತ್ತೊಬ್ಬರ ಆಳುಗಳಾಗಿದ್ದವರು ಬಹಳ ಮಂದಿ. 1834ರಲ್ಲಿ ಚಿಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿಯ ಕೈಸೇರಿತು. 1843ರ ಕಾಯಿದೆ, ಒಬ್ಬ ಮನುಷ್ಯ ಇನ್ನೊಬ್ಬನ ಸೊತ್ತೆಂಬುದನ್ನು ಕಂಪೆನಿಯ ನ್ಯಾಯಾಲಯಗಳು ಒಪ್ಪಲಾಗದೆಂದು ವಿಧಿಸಿತು. ಕಾಗದದ ಮೇಲೆ ಬಂಧನ ಕಳಚಿತು. ಸಾಲದ ರೂಪದಲ್ಲಿ ಅದು ಉಳಿದುಕೊಂಡಿತು. ಎರವರು, ಪಣಿಯರು ಮೊದಲಾದವರು ಜೀತದಲ್ಲಿ ಸಿಕ್ಕಿಕೊಂಡು ತಲೆಮಾರುಗಳನ್ನು ಕಳೆದರು. ಜೀತವನ್ನು ದೇಶದಾದ್ಯಂತ ರದ್ದುಗೊಳಿಸಿದ ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು. ಗೊರಬೆಯ ಕೆಳಗೆ ಯಜಮಾನನ ಬೆನ್ನಿದ್ದಂತೆ ಆಳಿನ ಬೆನ್ನೂ ಇತ್ತು, ನಿಜ. ಆದರೆ ಸಂಜೆ ಯಾರ ಒಲೆಯ ಬೆಂಕಿ ದೊಡ್ಡದಾಗಿತ್ತು, ಯಾರ ಪಾತ್ರೆಯಲ್ಲಿ ಕೋಳಿಯ ಸಾರಿತ್ತು ಎಂಬುದು ಬೇರೆ ಮಾತು. ದುಡಿಯುವವನ ಆರೋಗ್ಯ ಒಡೆಯನ ಔದಾರ್ಯಕ್ಕೆ ಕಟ್ಟುಬಿದ್ದಿದ್ದ ಕಾಲ ಅದು. ಔದಾರ್ಯವಿದ್ದ ಮನೆಯಲ್ಲಿ ಆಳು ಬದುಕಿದ. ಇಲ್ಲದ ಮನೆಯಲ್ಲಿ ಸವೆದ.

ಇಷ್ಟರಲ್ಲಿ ಬೆಟ್ಟಕ್ಕೆ ಕಾಫಿ ಬಂತು. ಅರಸರ ಕಾಲದಲ್ಲಿಯೇ ಅಲ್ಲಲ್ಲಿ ಹಿತ್ತಿಲುಗಳಲ್ಲಿ ಕಾಫಿ ಗಿಡವಿದ್ದರೂ ಫೌಲರ್ ಎಂಬ ಆಂಗ್ಲ ಪ್ಲಾಂಟರು ಮಡಿಕೇರಿಯ ಬಳಿ ಮೊದಲ ದೊಡ್ಡ ತೋಟವನ್ನು ತೆರೆದದ್ದು 1854ರಲ್ಲಿ. ಮುಂದಿನ ಕೆಲವೇ ವರ್ಷಗಳಲ್ಲಿ ಬಿದಿರಿನ ಕಾಡು, ಬೆಟ್ಟದ ಇಳಿಜಾರು ತೋಟಗಳಾದವು. ಇಲ್ಲಿನ ಜನ ಸಾಲದೆ ಮೈಸೂರು ಸೀಮೆಯಿಂದಲೂ ದಕ್ಷಿಣ ಕನ್ನಡದಿಂದಲೂ ಮಲೆಯಾಳದಿಂದಲೂ ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆತಂದರು. ಲೈನ್ ಮನೆ, ಚೆಕ್‌ರೋಲು, ಮಸ್ಟರು, ರೈಟರು ಎಂಬ ಹೊಸ ಮಾತುಗಳು ಕೊಡಗಿನ ಬಾಯಿಗೆ ಬಂದವು. ನಾಟಿಗೆ ತನ್ನದೇ ಆದ ಮುಕ್ತಾಯವಿತ್ತು, ತೋಟಕ್ಕೆ ಅದಿಲ್ಲ. ಕಪಾತು, ಕಳೆ, ಗೊಬ್ಬರ, ನೆರಳು ತೆಗೆಯುವುದು, ಹಣ್ಣು ಕುಯ್ಲು ಎಂದು ಒಂದರ ಬೆನ್ನಿಗೊಂದು ಕೆಲಸ ವರ್ಷವಿಡೀ ಸಾಗುತ್ತದೆ. ಗದ್ದೆಯಲ್ಲಿ ಋತು ಯಜಮಾನನಾಗಿತ್ತು. ತೋಟದಲ್ಲಿ ಆ ಸ್ಥಾನಕ್ಕೆ ಮಸ್ಟರಿನ ಪುಸ್ತಕ ಬಂತು.

ಮುಂಗಡ ಪಡೆದ ಆಳು ಕೆಲಸ ಬಿಟ್ಟು ಹೋದರೆ ಅದು ಬರಿಯ ಸಾಲದ ವ್ಯವಹಾರವಾಗಿ ಉಳಿಯಲಿಲ್ಲ. 1859ರ ಹದಿಮೂರನೆಯ ಕಾಯಿದೆಯ ಪ್ರಕಾರ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಸೆರೆಮನೆಗೆ ಕಳಿಸಬಹುದಿತ್ತು. ಆ ಕಾಯಿದೆಯನ್ನು ತೆಗೆದುಹಾಕುವ ನಿರ್ಣಯವಾಗಲು 1925 ಬರಬೇಕಾಯಿತು. ಜ್ವರ ಬಂದವನು ಊರಿಗೆ ಹೋಗಿ ಹಾಸಿಗೆ ಹಿಡಿಯುವುದೂ ಕರಾರು ಮುರಿಯುವುದೂ ಮೇಸ್ತ್ರಿಯ ಕಣ್ಣಿಗೆ ಒಂದೇ ಆಗಿ ಕಾಣುವ ಸ್ಥಿತಿಯಲ್ಲಿ, ಆರೋಗ್ಯಕರವಾದ ಅಭ್ಯಾಸ ಎಂಬ ಮಾತಿಗೇ ಅರ್ಥವಿರಲಿಲ್ಲ. ಮಲೆನಾಡಿನಲ್ಲಿ ಅಂದು ಜ್ವರವೆಂದರೆ ಬಹುಮಟ್ಟಿಗೆ ಮಲೇರಿಯಾ. ಅದು ಸೊಳ್ಳೆಯಿಂದ ಹರಡುವುದೆಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪುರಾವೆ ಕಂಡದ್ದು 1897ರಲ್ಲಿ. ದೇಶವ್ಯಾಪಿಯಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ. ನಡುವಣ ಐವತ್ತಾರು ವರ್ಷ ಕ್ವಿನೈನ್ ಗುಳಿಗೆಯೂ ಕಂಬಳಿಯೂ ಬಡವನ ದೈವವೂ ಸೇರಿ ಮಲೆಯ ಆಳನ್ನು ಕಾಪಾಡಿದ್ದೆಷ್ಟೋ ಅಷ್ಟು.

ವಾರದ ಬಿಡುವಿನ ಕಥೆಯನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಜಿಲ್ಲೆಯ ಭೂಪಟವನ್ನು ನೋಡಿ: ಉತ್ತರಕ್ಕೆ ಸೋಮವಾರಪೇಟೆ, ಅದರ ಆಚೆಗೆ ಶನಿವಾರಸಂತೆ. ವಾರದ ಒಂದು ದಿನವೇ ಊರಿನ ಹೆಸರಾಗಿ ನಿಂತಿದೆ. ಮಡಿಕೇರಿಯಲ್ಲಿ ಶುಕ್ರವಾರದ ಸಂತೆ. ಸಂತೆಯ ದಿನ ಆಳುಗಳು ಬೆಟ್ಟದಿಂದಿಳಿದು ಉಪ್ಪು, ಒಣಮೀನು, ಹೊಗೆಸೊಪ್ಪು ಕೊಂಡು, ನಾಲ್ಕು ಜನರ ಮುಖ ನೋಡಿ, ಮಾತನಾಡಿ ಹಿಂತಿರುಗುವರು. ಆದರೆ ಅದು ರೂಢಿಯ ಬಿಡುವು, ಹಕ್ಕಿನ ಬಿಡುವಲ್ಲ. ಹಕ್ಕಿನ ಬಿಡುವಿಗಾಗಿ ಮುಂಬಯಿಯ ಗಿರಣಿಗಳಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ, 1890ರ ಜೂನ್ ತಿಂಗಳಲ್ಲಿ ಭಾನುವಾರದ ರಜೆಯನ್ನು ಗಿರಣಿ ಮಾಲಿಕರಿಂದ ಪಡೆದರು. ಇಂದು ಭಾನುವಾರ ಬೆಳಗ್ಗೆ ನಿಧಾನವಾಗಿ ಏಳುವ ಎಲ್ಲರೂ ಆ ಹೆಸರನ್ನು ನೆನೆಯಬೇಕು.

ಸ್ವಾತಂತ್ರ್ಯಾನಂತರ 1951ರಲ್ಲಿ ಸಂಸತ್ತು ತೋಟಗಳ ಕಾರ್ಮಿಕರ ಕಾಯಿದೆಯನ್ನು ಮಾಡಿತು. 1954ರ ಏಪ್ರಿಲ್ ಒಂದರಿಂದ ಅದು ಜಾರಿಗೆ ಬಂತು. ಕಾನೂನಿನ ಪುಸ್ತಕಗಳಲ್ಲಿ ಕಾವ್ಯವಿರುವುದಿಲ್ಲವೆಂದು ಎಲ್ಲರೂ ಬಲ್ಲರು. ಆದರೂ ಆ ಕಾಯಿದೆಯನ್ನು ಓದಿದಾಗ ನನ್ನ ಮನಸ್ಸು ಒಂದು ಕಡೆ ನಿಂತುಬಿಟ್ಟಿತು. ಮಳೆಯಿಂದಲೂ ಚಳಿಯಿಂದಲೂ ರಕ್ಷಣೆಗಾಗಿ ಕಾರ್ಮಿಕರಿಗೆ ಕೊಡೆ, ಕಂಬಳಿ, ಮಳೆ ಅಂಗಿಗಳನ್ನು ಒಡೆಯರು ಒದಗಿಸಬೇಕೆಂದು ರಾಜ್ಯ ಸರಕಾರ ನಿಯಮ ಮಾಡಬಹುದೆಂದು ಅದರಲ್ಲಿ ಬರೆದಿತ್ತು. ನೂರಾರು ವರ್ಷ ಗೊರಬೆಯ ರೂಪದಲ್ಲಿ ರೂಢಿಯಾಗಿದ್ದುದು ಅಂದು ಕಾನೂನಿನ ಭಾಷೆಯಲ್ಲಿ ಮತ್ತೆ ಹುಟ್ಟಿತು. ಕುಡಿಯುವ ನೀರು, ಶೌಚದ ಏರ್ಪಾಡು, ವೈದ್ಯಸಹಾಯ, ವಸತಿ, ಐವತ್ತು ಮಂದಿ ಹೆಣ್ಣಾಳುಗಳಿದ್ದಲ್ಲಿ ಶಿಶುಗಳಿಗೆ ತೊಟ್ಟಿಲ ಮನೆ, ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸದೆ ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ, ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ಸಂಬಳಸಹಿತ ರಜೆ. ವಾರಕ್ಕೆ 54 ಗಂಟೆಯ ಮಿತಿ ಇದ್ದುದು 1981ರ ತಿದ್ದುಪಡಿಯಿಂದ 48ಕ್ಕೆ ಇಳಿಯಿತು.

ಇದರಲ್ಲಿ ಕೊರತೆಯೂ ಇತ್ತು. ಮೊದಲು ಈ ಕಾಯಿದೆ ಅನ್ವಯಿಸುತ್ತಿದ್ದುದು 25 ಎಕರೆಗಿಂತ ಕಡಿಮೆಯಿಲ್ಲದ, 30 ಜನ ಆಳುಗಳಿದ್ದ ತೋಟಗಳಿಗೆ ಮಾತ್ರ. ಕೊಡಗಿನಲ್ಲಿ ಸಣ್ಣ ಹಿಡುವಳಿಗಳೇ ಬಹಳ. ಬೇಲಿಯ ಈಚೆ ದುಡಿಯುವವಳಿಗೆ ಮಳೆ ಅಂಗಿ, ಆಚೆ ದುಡಿಯುವ ಅವಳ ತಂಗಿಗೆ ಪ್ಲಾಸ್ಟಿಕ್ ಚೀಲ ಎಂಬ ಸ್ಥಿತಿ ಅದರಿಂದ ಒದಗಿತು. 1981ರಲ್ಲಿ ಮಿತಿಯನ್ನು 5 ಹೆಕ್ಟೇರಿಗೂ 15 ಆಳುಗಳಿಗೂ ಇಳಿಸಿದರು. 2020ರಲ್ಲಿ ಸಂಸತ್ತು ಆ ಕಾಯಿದೆಯನ್ನು ಇತರ ಹಲವು ಕಾಯಿದೆಗಳೊಡನೆ ಒಂದು ಸಂಹಿತೆಯಲ್ಲಿ ಅಡಕಗೊಳಿಸಿತು. ಕಾಯಿದೆಯ ಹೆಸರು ಬದಲಾಗಬಹುದು. ಮಳೆ ಮಾತ್ರ ಬದಲಾಗುವುದಿಲ್ಲ. ಬೆನ್ನು ಒದ್ದೆಯಾಗಿದೆಯೋ ಇಲ್ಲವೋ ಎಂಬುದೇ ಕೊನೆಯ ಪ್ರಶ್ನೆ.

ಗದ್ದೆ ತೋಟಗಳಿಂದ ಈಗ ಪೇಟೆಗೆ, ನಮ್ಮ ನಿಮ್ಮ ಕುರ್ಚಿಗಳಿಗೆ ಬರೋಣ. ಮುದ್ದುರಾಜನು 1681ರಲ್ಲಿ ನೆಲೆಗೊಳಿಸಿದನೆನ್ನುವ ಈ ಊರಿನ ಕೋಟೆಯಲ್ಲಿ ಲಿಂಗರಾಜೇಂದ್ರನು 1812ರಿಂದ 1814ರ ಅವಧಿಯಲ್ಲಿ ಅರಮನೆಯನ್ನು ಕಟ್ಟಿಸಿದ. ಅರಸೊತ್ತಿಗೆ ಹೋದ ಮೇಲೆ ಅದು ಬಹುಕಾಲ ಸರಕಾರಿ ಕಚೇರಿಯಾಗಿತ್ತು. 1933ರಲ್ಲಿ ಆ ಅರಮನೆಗೆ ಎರಡು ವಸ್ತುಗಳು ಸೇರಿದವು: ಒಂದು ಗಡಿಯಾರದ ಗೋಪುರ, ಇನ್ನೊಂದು ಕಮಿಷನರ ಮೋಟಾರು ನಿಲ್ಲುವುದಕ್ಕೆ ಮುಂಭಾಗದ ಪಡಸಾಲೆ. ಕಚೇರಿಯ ಚರಿತ್ರೆಯನ್ನೆಲ್ಲ ಈ ಎರಡು ವಸ್ತುಗಳಲ್ಲಿ ಓದಬಹುದೆಂದು ನನಗೆ ತೋರುತ್ತದೆ. ಗಡಿಯಾರ ಬಂದು, ಕೆಲಸ ಮುಗಿಯಿತೇ ಎಂಬ ಪ್ರಶ್ನೆಯ ಸ್ಥಳದಲ್ಲಿ ಗಂಟೆ ಎಷ್ಟು ಎಂಬ ಪ್ರಶ್ನೆಯನ್ನು ಇಟ್ಟಿತು. ಮೋಟಾರು ಬಂದು ಬಾಗಿಲಿನಿಂದ ಬಾಗಿಲಿಗೆ ಕೂತೇ ಹೋಗುವ ಅನುಕೂಲವನ್ನು ಕೊಟ್ಟಿತು. ಅಂದು ಆ ಅನುಕೂಲ ಊರಿಗೊಬ್ಬ ದೊರೆಗೆ. ಇಂದು ಅದು ನಮ್ಮೆಲ್ಲರಿಗೂ.

ಕೂತು ಮಾಡುವ ಕೆಲಸದ ಕೇಡನ್ನು ಜಗತ್ತು ಈಚೆಗೆ ಕಂಡುಕೊಂಡಿತೆಂದು ಭಾವಿಸಬೇಡಿ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜೀನಿ ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥ ಬರೆದ. ರೋಗಿಯ ನಾಡಿ ಹಿಡಿಯುವ ವೈದ್ಯ ಅವನ ಕಸುಬೇನೆಂದೂ ಕೇಳಬೇಕೆಂಬುದು ಅವನ ಉಪದೇಶ. 1713ರಲ್ಲಿ ಹಿಗ್ಗಿಸಿದ ಆವೃತ್ತಿಯಲ್ಲಿ ಬರಹಗಾರ ಗುಮಾಸ್ತರ ಬೇನೆಗಳಿಗೆ ಮೂರು ಕಾರಣಗಳನ್ನು ಎಣಿಸಿದ: ಸದಾ ಕೂತಿರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿದಿರುವುದು. ಮುನ್ನೂರು ವರ್ಷ ಕಳೆದು ಲೇಖನಿಯ ಸ್ಥಳದಲ್ಲಿ ಕಂಪ್ಯೂಟರು ಬಂದರೂ ಈ ಮೂರಕ್ಕೆ ನಾಲ್ಕನೆಯದನ್ನು ಸೇರಿಸಬೇಕಾದ ಅಗತ್ಯ ನನಗೆ ಕಂಡಿಲ್ಲ. ಲಂಡನ್ನಿನ ಬಸ್ಸುಗಳಲ್ಲಿ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ಡಾಕ್ಟರ್ ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಪ್ರಸಿದ್ಧವಾದದ್ದು. ಬಸ್ಸು ಒಂದೇ, ಹಾದಿ ಒಂದೇ. ಆದರೆ ದಿನವಿಡೀ ಕೂತ ಚಾಲಕರಲ್ಲಿ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಿಗಿಂತ ಹೃದ್ರೋಗ ಹೆಚ್ಚಾಗಿತ್ತು. ನಿರ್ವಾಹಕರಾರೂ ಹೊಸ ವರ್ಷದ ಪ್ರತಿಜ್ಞೆ ಮಾಡಿ ಮೆಟ್ಟಿಲು ಹತ್ತಿದವರಲ್ಲ. ಕೆಲಸವೇ ಅವರನ್ನು ಹತ್ತಿಸಿತು.

ಮಡಿಕೇರಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತಿನ ಅರ್ಥ ಬೇಗ ಆಗುತ್ತದೆ. ಸಮತಟ್ಟಾದ ನೆಲವೇ ಅಪರೂಪವಾದ ಊರು ಇದು. ಮನೆಯಿಂದ ಪೇಟೆಗೆ ಇಳಿದರೆ, ಪೇಟೆಯಿಂದ ಕಚೇರಿಗೆ ಏರು. ಹಿಂದಿನ ಗುಮಾಸ್ತರು ಕೊಡೆ ಹಿಡಿದು, ಧೋತರ ಮೇಲಕ್ಕೆತ್ತಿ, ದಿನಕ್ಕೆ ನಾಲ್ಕು ಬಾರಿ ಈ ಏರಿಳಿತವನ್ನು ಕಾಲಿನಿಂದಲೇ ಅಳೆದವರು. ಊರಿನ ಇಳಿಜಾರು ಅವರ ವೈದ್ಯನಾಗಿತ್ತು. ಫೀಸು ಕೇಳದ ವೈದ್ಯ.

ನಾನು ಕೆಲವು ವರ್ಷ ದುಡಿದ ಒಂದು ಕಚೇರಿಯಲ್ಲಿ, ಹೆಸರು ಇಲ್ಲಿ ಬೇಡ, ಬೆಳಗ್ಗೆ ಹನ್ನೊಂದಕ್ಕೆ ಎಲ್ಲರೂ ಎದ್ದು ಹಿಂದಿನ ಜಗಲಿಗೆ ಹೋಗಿ ನಿಂತು ಕಾಫಿ ಕುಡಿಯುವ ರೂಢಿಯಿತ್ತು. ಹತ್ತು ನಿಮಿಷದ ಮಾತು. ಎದುರಿಗೆ ಮಂಜು ಮುಚ್ಚಿದ ಬೆಟ್ಟ. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಕಾಲಹರಣವಾಗುತ್ತದೆಂದು ಕಾಫಿಯನ್ನು ಮೇಜಿನ ಬಳಿಗೇ ತರಿಸುವ ಏರ್ಪಾಡು ಮಾಡಿದರು. ದಿನಕ್ಕೆ ಹತ್ತು ನಿಮಿಷ ಉಳಿಯಿತು. ಕೆಲವು ತಿಂಗಳಲ್ಲಿ ಒಬ್ಬರಿಗೆ ಕುತ್ತಿಗೆ ನೋವು, ಒಬ್ಬರಿಗೆ ತಲೆಭಾರ, ಇಬ್ಬರ ನಡುವೆ ಜಗಳ. ಇದಕ್ಕೆಲ್ಲ ಮೇಜಿನ ಕಾಫಿಯೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ಆ ಜಗಲಿ ಬರಿಯ ಜಗಲಿಯಾಗಿರಲಿಲ್ಲವೆಂಬುದು ಅದು ಖಾಲಿಯಾದ ಮೇಲೆ ನಮಗೆಲ್ಲ ತಿಳಿಯಿತು. ನಾಟಿಗದ್ದೆಯ ನಡುವೆ ಓಟಕ್ಕಾಗಿ ಬಿಟ್ಟ ಓಣಿಯನ್ನೂ ನೆಟ್ಟುಬಿಟ್ಟರೆ ನಾಲ್ಕು ಸೇರು ಭತ್ತ ಬೇಗ ನೆಟ್ಟಂತಾಗುತ್ತದೆ, ನಿಜ. ಓಡುವುದು ಎಲ್ಲಿ?

ಹಾಗಾದರೆ ಈ ಚರಿತ್ರೆಯಿಂದ ಹೊಸ ವರ್ಷಕ್ಕೆ ನಾವು ಕಲಿಯಬೇಕಾದದ್ದೇನು? ಮೊದಲನೆಯದು, ಆರಂಭ ಚಿಕ್ಕದಾಗಿರಲಿ, ದಿನ ಗೊತ್ತಾಗಿರಲಿ. ಎಡಮ್ಯಾರಿನ ಸಾಲುಗಳಂತೆ ಅದು ಮುಗಿಸಲಾಗುವಷ್ಟೇ ಇರಲಿ. ಬಸ್ಸಿನಿಂದ ಒಂದು ನಿಲ್ದಾಣ ಮುಂಚೆ ಇಳಿದು ಏರು ಹತ್ತುವುದು ಸಾಕು. ಎರಡನೆಯದು, ಅಭ್ಯಾಸ ಒಬ್ಬರದಾಗಿರದೆ ಜೊತೆಯದಾಗಿರಲಿ. ಒಬ್ಬನೇ ಎದ್ದು ಜಗಲಿಗೆ ಹೋದರೆ ಸೋಮಾರಿ ಎನ್ನಿಸಿಕೊಳ್ಳುತ್ತಾನೆ. ಹತ್ತು ಜನ ಎದ್ದರೆ ಅದು ಪದ್ಧತಿ. ಮೂರನೆಯದು, ಮುಕ್ತಾಯಕ್ಕೂ ಒಂದು ಹಬ್ಬ ಬೇಕು. ಕೋವಿಯನ್ನು ಕನ್ನಿಕೊಂಬರೆಯಲ್ಲಿ ಇಟ್ಟವರು ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಕಚೇರಿಯ ಕರೆಗೆ ಬಾಯಿ ತೆರೆಯುವ ಜೇಬಿನ ದೂರವಾಣಿಯನ್ನು ಇಡುವುದಕ್ಕೆ ನಮ್ಮ ಮನೆಗಳಲ್ಲಿ ಒಂದು ಮೂಲೆ ಇಲ್ಲವೇ?

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಆರೋಗ್ಯಕರವಾದ ಅಭ್ಯಾಸ ಕುರ್ಚಿಯುಳ್ಳವರ ಸೊತ್ತಾಗಿ ಉಳಿದರೆ, ಹಳೆಯ ಕಥೆಯೇ ಹೊಸ ವೇಷದಲ್ಲಿ ನಡೆದಂತಾಗುತ್ತದೆ. ನಾವು ಮೇಜಿನಿಂದೆದ್ದು ನಡೆಯುವ ಪ್ರತಿಜ್ಞೆ ಮಾಡುವ ಹೊತ್ತಿನಲ್ಲಿ, ಬೆಳಗಿನಿಂದ ಬಾಗಿಲಲ್ಲಿ ನಿಂತೇ ಇರುವ ಕಾವಲಿನವನಿಗೆ ಒಂದು ಸ್ಟೂಲು ಇದೆಯೇ ಎಂದು ನೋಡಬೇಕು. ಮಧ್ಯಾಹ್ನದ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡುವೆವೆನ್ನುವ ನಾವು, ಆ ಊಟದ ತಟ್ಟೆ ತೊಳೆಯುವ ಹೆಂಗಸು ಯಾವ ಹೊತ್ತಿಗೆ ಉಣ್ಣುತ್ತಾಳೆಂದು ಕೇಳಬೇಕು. ತೋಟದ ಯಜಮಾನರು ಜನವರಿಯ ಕುಯ್ಲಿನ ಗಡಿಬಿಡಿಯಲ್ಲಿ ಆಳಿನ ನೀರಿನ ಕೊಡ ಎಲ್ಲಿದೆಯೆಂದು ನೋಡಬೇಕು. ಜೂನ್ ಬರುವ ಮುಂಚೆ ಮಳೆ ಅಂಗಿಗಳನ್ನು ಎಣಿಸಿ ಇಡಬೇಕು. ಔಷಧಿ ಸಿಂಪಡಿಸುವವನ ಕೈಗೆ ಗವಸು, ಮೂಗಿಗೆ ಬಟ್ಟೆ ಇದೆಯೇ ಎಂದು ವಿಚಾರಿಸಬೇಕು. ರೂಢಿ ಕೊಟ್ಟದ್ದನ್ನು ಸಾಲ ಕಸಿದುಕೊಂಡ ಬಗೆಯನ್ನೂ ಕಾನೂನು ಅದನ್ನು ಅರ್ಧ ಮರಳಿಸಿದ ಬಗೆಯನ್ನೂ ಈ ನಾಡು ಕಂಡಿದೆ. ಉಳಿದ ಅರ್ಧ ನಮ್ಮ ಕೈಯಲ್ಲಿದೆ.

ಕಕ್ಕಡದ ಪಾಯಸವನ್ನು ದೊಡ್ಡ ಪಾತ್ರೆಯಲ್ಲಿಯೇ ಬೇಯಿಸುತ್ತಾರೆ. ಬಡಿಸುವಾಗ ಆ ದಿನ ಗದ್ದೆಗಿಳಿದವರೆಲ್ಲರ ತಲೆ ಎಣಿಸಿ ಬಡಿಸಿದ ಮನೆಯಲ್ಲಿ ಮದ್ದು ಮದ್ದಾಗುತ್ತದೆ.